ಮೋರ್ಯರ ಗುಡ್ಡದವರು ನಮ್ಮ ಹಿರಿಯರೇ?

ಓದುಗರ ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯವನು. ಹಿರೇಬೆಣಕಲ್ಲಿನ ಗುಡ್ಡದ ಮೇಲಿರುವ ಕಲ್ಲಿನ ಮನೆಗಳಲ್ಲಿ ಮೋರ್ಯರೆಂಬ ಮೂರಡಿಯ ಕುಳ್ಳರು ಬಾಳುತ್ತಿದ್ದರು, ಬೆಂಕಿಯ ಮಳೆ ಸುರಿದು ಅವರೆಲ್ಲ ಸತ್ತುಹೋದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಶಾಲೆಯಲ್ಲಿ ಮೇಷ್ಟ್ರು ಅವು ಗೋರಿಗಳು ಎಂದರು. ಯಾವುದು ನಿಜ? ನಾವು ಲಿಂಗಾಯತರು, ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತೇವೆ. ಪಕ್ಕದ ಓಣಿಯವರು ಸುಡುತ್ತಾರೆ. ಹೂಳುವ ನಾವು ಆ ಗುಡ್ಡದವರ ವಂಶದವರೇ? ಒಂದು ಗೋರಿಯನ್ನು ನೋಡಿ ಅದರಲ್ಲಿರುವವರು ಯಾರು, ಏನನ್ನು ನಂಬಿದ್ದರು ಎಂದು ಹೇಳಲು ಆಗುತ್ತದೆಯೇ? ಇಂಥ ಹಳೆಯ ಕಲ್ಲುಗಳ ಬುಡದಲ್ಲಿ ನಿಧಿ ಇರುತ್ತದೆ ಎಂಬ ಮಾತು ನಮ್ಮ ಕಡೆ ಬಲವಾಗಿದೆ, ಅದಕ್ಕೇನಾದರೂ ಆಧಾರ ಇದೆಯೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಗುಡ್ಡದ ಮೇಲಿನ ಕಲ್ಮನೆಗಳು ವಾಸದ ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದವು. ಆದರೆ ಅವೆಲ್ಲವೂ ಶವ ಇಟ್ಟ ಗೋರಿಗಳೆಂದು ಹೇಳಲಾಗದು. ಹೂಳುತ್ತೀರಿ ಎಂಬ ಒಂದೇ ಕಾರಣಕ್ಕೆ ನೀವು ಅವರ ವಂಶದವರಾಗುವುದಿಲ್ಲ. ಸುಡುತ್ತಾರೆ ಎಂಬ ಕಾರಣಕ್ಕೆ ಪಕ್ಕದ ಓಣಿಯವರು ಎಲ್ಲಿಂದಲೋ ಬಂದವರೂ ಆಗುವುದಿಲ್ಲ. ಗೋರಿಯನ್ನು ನೋಡಿ ಅದರಲ್ಲಿರುವವರು ಯಾರೆಂದು ಹೇಳಬಹುದೇ ಎಂದರೆ, ಒಂದು ಮಟ್ಟಿಗೆ ಹೇಳಬಹುದು. ಆದರೆ ಗೋರಿಯನ್ನು ಕಟ್ಟುವವರು ಉಳಿದವರು. ಸತ್ತವರನ್ನು ಊರು ಯಾರೆಂದು ಗುರುತಿಸಬೇಕು, ಹೇಗೆ ನೆನೆಯಬೇಕು ಎಂದು ಅವರು ತೀರ್ಮಾನಿಸಿದ್ದು ಅಲ್ಲಿ ಕಾಣುತ್ತದೆ. ಸತ್ತವರ ಮನಸ್ಸಿನಲ್ಲಿ ಏನಿತ್ತು ಎಂಬುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ನಿಮ್ಮ ಗುಡ್ಡವನ್ನೂ ನಿಮ್ಮ ಮನೆಯ ಪದ್ಧತಿಯನ್ನೂ ಸರಿಯಾಗಿ ಓದಬಹುದು.

ಹಿರೇಬೆಣಕಲ್ಲಿನಲ್ಲಿ ಇಂದಿಗೂ ಸುಮಾರು 400 ಕಲ್ಲಿನ ರಚನೆಗಳು ಉಳಿದಿವೆ. ಸಾಮಾನ್ಯವಾಗಿ ಇವನ್ನು ಕ್ರಿ.ಪೂ. 800ರಿಂದ 200ರ ನಡುವಿನವು ಎನ್ನುತ್ತಾರೆ. ದಕ್ಷಿಣದಲ್ಲಿ ಕಬ್ಬಿಣ ಬಳಕೆಗೆ ಬಂದು ನೆಲೆಯೂರಿದ ಕಾಲ ಅದು. ಮುಂದೆ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾದ ಮೆಡೋಸ್ ಟೇಲರ್ 1835ರಲ್ಲೇ ಈ ನೆಲೆಯ ಬಗ್ಗೆ ಬರೆದಿದ್ದ. 2021ರಲ್ಲಿ ಇದು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಇಷ್ಟು ದೊಡ್ಡ ಬೃಹತ್ ಶಿಲಾ ನೆಲೆ (ಭಾರಿ ಕಲ್ಲುಗಳಿಂದ ಸತ್ತವರಿಗೆ ರಚನೆ ಕಟ್ಟಿದ ಜಾಗ), ಅದೂ ಇಷ್ಟು ಗಟ್ಟಿಯಾಗಿ ನಿಂತಿರುವುದು, ದೇಶದಲ್ಲೇ ಅಪರೂಪ. ನಿಮ್ಮ ತಾಲ್ಲೂಕಿನವರು ಇದರ ಬಗ್ಗೆ ಹೆಮ್ಮೆ ಪಡಬೇಕು ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಮುಂದಿನ ಬಾರಿ ಹೋದಾಗ ಒಂದು ಕಲ್ಮನೆಯ ಮುಂದೆ ಸ್ವಲ್ಪ ಹೊತ್ತು ಕುಳಿತು ನೋಡಿ. ನಾಲ್ಕು ಕಡೆ ನಾಲ್ಕು ಕಲ್ಲಿನ ಹಲಗೆಗಳು, ಮೇಲೊಂದು ಮುಚ್ಚುಗಲ್ಲು. ಒಳ್ಳೆಯ ರಚನೆಗಳಲ್ಲಿ ಹಲಗೆಗಳು ಮೂಲೆಯಲ್ಲಿ ಅಂಚಿಗೆ ಅಂಚು ತಾಗಿ ನಿಂತಿರುವುದಿಲ್ಲ. ಒಂದು ಹಲಗೆಯ ತುದಿ ಪಕ್ಕದ ಹಲಗೆಯನ್ನು ದಾಟಿ ಮುಂದೆ ಚಾಚಿರುತ್ತದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ ಕಾಣುತ್ತದೆ. ಇದು ಅಲಂಕಾರಕ್ಕೆ ಮಾಡಿದ್ದಲ್ಲ. ಹೀಗೆ ನಿಲ್ಲಿಸಿದರೆ ಪ್ರತಿಯೊಂದು ಹಲಗೆಯೂ ಇನ್ನೊಂದನ್ನು ಒಳಕ್ಕೆ ಬೀಳದಂತೆ ಹಿಡಿಯುತ್ತದೆ. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಗಾರೆಯಿಲ್ಲದೆ ನಿಂತಿರುವುದರ ಗುಟ್ಟು ಇಲ್ಲಿದೆ. ಒಂದು ಹಲಗೆಯಲ್ಲಿ ದುಂಡನೆಯ ಕಂಡಿ ಇರುತ್ತದೆ. ಅದರ ಅಂಚಿನ ಮೇಲೆ ಕೈಯಾಡಿಸಿ. ಸಣ್ಣ ಸಣ್ಣ ಪೆಟ್ಟು ಕೊಟ್ಟು ಕಲ್ಲನ್ನು ಕೆತ್ತಿ, ಕೊನೆಗೆ ನುಣುಪು ಮಾಡಿದ್ದು ಬೆರಳಿಗೆ ಗೊತ್ತಾಗುತ್ತದೆ. ಈ ಕೆಲಸ ಒಬ್ಬಿಬ್ಬರಿಂದ ಆಗುವಂಥದ್ದಲ್ಲ. ಬಂಡೆಯಿಂದ ಪದರ ಬಿಡಿಸಬೇಕು, ಸಾಗಿಸಬೇಕು, ಎತ್ತಿ ನಿಲ್ಲಿಸಬೇಕು, ಕೆಲವು ಟನ್ ತೂಕದ ಮುಚ್ಚುಗಲ್ಲನ್ನು ಮೇಲೇರಿಸಬೇಕು. ಅಷ್ಟು ಜನರಿಗೆ ಅಷ್ಟು ದಿನ ಊಟ ಹಾಕಬೇಕು. ಅಂದರೆ ಸತ್ತವರ ಹೆಸರಿನಲ್ಲಿ ಊರನ್ನೇ ಕೂಡಿಸಬಲ್ಲ ಒಂದು ಮನೆತನವೋ ಕುಲವೋ ಅಲ್ಲಿತ್ತು.

ಅದೇ ಗುಡ್ಡದಲ್ಲಿ, ಎತ್ತರದ ಬಂಡೆಯ ಮೇಲೆ, ಕಲ್ಲಿನ ದೊಡ್ಡ ನಗಾರಿ ಇದೆ. ಬಡಿದರೆ ಅದರ ದನಿ ಸುಮಾರು ಒಂದು ಕಿಲೋಮೀಟರ್ ದೂರಕ್ಕೆ ಕೇಳುತ್ತದೆ. ಯಾವಾಗ, ಯಾವ ಸಂದರ್ಭದಲ್ಲಿ ಬಾರಿಸುತ್ತಿದ್ದರು ಎಂದು ಯಾವ ಕಲ್ಲೂ ಹೇಳುವುದಿಲ್ಲ. ಆದರೆ ಗೋರಿಗಳ ನಡುವೆ ಜನರನ್ನು ಕರೆಯುವ ಒಂದು ಸಾಧನ ಇದೆ ಎಂಬುದೇ ದೊಡ್ಡ ಸುಳಿವು. ಈ ಗುಡ್ಡ ಹೆಣ ಇಟ್ಟು ಹಿಂದೆ ನೋಡದೆ ಓಡಿಹೋಗುವ ಜಾಗವಾಗಿರಲಿಲ್ಲ, ಜನ ಮತ್ತೆ ಮತ್ತೆ ಸೇರುವ ಜಾಗವಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಮೇಷ್ಟ್ರು ಹೇಳಿದ್ದಕ್ಕೆ ಒಂದು ತಿದ್ದುಪಡಿ ಬೇಕು ಎಂದೆನಲ್ಲ, ಅದು ಹೀಗೆ. ಬೃಹತ್ ಶಿಲಾ ರಚನೆಗಳಲ್ಲಿ ಎಷ್ಟೋ ಬಗೆಗಳಿವೆ. ನೆಲದೊಳಗೆ ಹುದುಗಿಸಿದ ಕಲ್ಲಿನ ಪೆಟ್ಟಿಗೆಗಳಿವೆ, ಸುತ್ತ ಕಲ್ಲುಗಳ ವೃತ್ತ ಇಟ್ಟ ಗುಳಿಗಳಿವೆ, ನೆಲದ ಮೇಲೆ ನಿಂತ ಕೋಣೆಗಳಿವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದಾಗ ನೆಲದೊಳಗಿನ ಪೆಟ್ಟಿಗೆಗಳಲ್ಲಿ ಮೂಳೆಗಳು, ಕಪ್ಪು ಮತ್ತು ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಆಯುಧಗಳು, ಮಣಿಗಳು ಸಿಕ್ಕವು. ಅವು ಖಂಡಿತವಾಗಿ ಗೋರಿಗಳು. ಆದರೆ ನಿಮ್ಮ ಗುಡ್ಡದಲ್ಲಿ ನೆಲದ ಮೇಲೆ ನಿಂತ ಕೋಣೆಗಳು ಶತಮಾನಗಳಿಂದ ತೆರೆದುಕೊಂಡಿವೆ. ಅವುಗಳಲ್ಲಿ ಹಲವು ಶವದ ಗುರುತೇ ಇಲ್ಲದ ಸ್ಮಾರಕಗಳಾಗಿದ್ದಿರಬಹುದು. ಶವ ಒಂದೆಡೆ, ನೆನಪಿನ ಕಲ್ಲು ಇನ್ನೊಂದೆಡೆ ಇರುವುದು ನಮ್ಮ ನಾಡಿಗೆ ಹೊಸತಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಗೋರಿಯೆಂದು ಖಚಿತವಾದ ಕಡೆಯೂ ಮೂಳೆಗಳು ಸಾಮಾನ್ಯವಾಗಿ ಇಡಿಯ ಅಸ್ಥಿಪಂಜರವಾಗಿ ಸಿಗುವುದಿಲ್ಲ. ತಲೆಬುರುಡೆ, ಕೈಕಾಲಿನ ಉದ್ದ ಮೂಳೆಗಳು, ಕೆಲವೊಮ್ಮೆ ಒಬ್ಬರಿಗಿಂತ ಹೆಚ್ಚು ಜನರವು, ಒಟ್ಟಿಗೆ ಇರುತ್ತವೆ. ಬೇರೆಲ್ಲೋ ಶವವನ್ನು ಬಯಲಿಗೆ ಬಿಟ್ಟೋ ಹೂತೋ, ಮಾಂಸ ಕರಗಿದ ಮೇಲೆ ಮೂಳೆಗಳನ್ನು ಆಯ್ದು ತಂದು ಇಲ್ಲಿ ಇಟ್ಟಿದ್ದಾರೆ ಎಂದು ಇದರಿಂದ ತಿಳಿಯುತ್ತದೆ. ಹಾಗಾದರೆ ಸಾವಿಗೂ ಕೊನೆಯ ಸಂಸ್ಕಾರಕ್ಕೂ ನಡುವೆ ತಿಂಗಳುಗಳೇ ಹೋಗಿರಬಹುದು. ಆ ಅವಧಿಯಲ್ಲಿ ಸತ್ತವರು ಎಲ್ಲಿದ್ದರು? ಪೂರ್ತಿ ಹೋದವರೂ ಅಲ್ಲ, ಇರುವವರೂ ಅಲ್ಲ. ಮೂಳೆಗಳು ಕಲ್ಲಿನ ಪೆಟ್ಟಿಗೆ ಸೇರಿದ ದಿನ ಅವರು ಹಿರಿಯರ ಸಾಲಿಗೆ ಸೇರಿದರು ಎಂದು ಆ ಜನ ಭಾವಿಸಿದ್ದರೆ ಆಶ್ಚರ್ಯವಿಲ್ಲ. ನಮ್ಮಲ್ಲೂ ಸತ್ತವರು ಅಂದೇ ಹಿರಿಯರಾಗುವುದಿಲ್ಲವಲ್ಲ. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು ಎಂದು ದಿನಗಳು ಕಳೆಯಬೇಕು. ಆದರೆ ಎರಡೂ ಒಂದೇ ನಂಬಿಕೆ ಎನ್ನಲು ಇಷ್ಟು ಸಾಲದು.

ಆ ಕಂಡಿಯ ವಿಚಾರದಲ್ಲೂ ಇದೇ ಎಚ್ಚರ ಬೇಕು. ಪ್ರವಾಸಿಗರಿಗೆ ಗುಡ್ಡ ತೋರಿಸುವವರು ಅದು ಆತ್ಮ ಹೊರಗೆ ಹೋಗುವ ದಾರಿ ಎನ್ನುತ್ತಾರೆ. ಇರಬಹುದು. ಬ್ರಹ್ಮಗಿರಿಯಲ್ಲಿ ಕಂಡಿ ಪೂರ್ವ ದಿಕ್ಕಿನ ಹಲಗೆಯಲ್ಲಿದೆ, ಸೂರ್ಯ ಹುಟ್ಟುವ ದಿಕ್ಕಿಗೆ ಏನೋ ಅರ್ಥವಿತ್ತು ಎನ್ನಲು ಅಡ್ಡಿಯಿಲ್ಲ. ಆದರೆ ಒಂದೇ ಗೋರಿಯಲ್ಲಿ ಹಲವರ ಮೂಳೆಗಳಿರುವಾಗ, ಮನೆತನದಲ್ಲಿ ಇನ್ನೊಬ್ಬರು ಸತ್ತಾಗ ಮುಚ್ಚುಗಲ್ಲು ಎತ್ತದೆ ಮೂಳೆಗಳನ್ನೂ ಎಡೆಯನ್ನೂ ಒಳಗಿಡಲು ಒಂದು ಬಾಗಿಲು ಬೇಕಿತ್ತು ಎಂಬ ವಿವರಣೆ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಎರಡೂ ಕಾರಣಗಳು ಜೊತೆಗೇ ಇದ್ದಿರಬಹುದು. ನಂಬಿಕೆ ಮತ್ತು ಅನುಕೂಲ ಒಂದೇ ಕಂಡಿಯಲ್ಲಿ ಕೂಡಿಕೊಂಡಾಗ ಅವನ್ನು ಬಿಡಿಸಿ ಹೇಳಲು ಬರಹ ಬೇಕು, ಆ ಜನ ಬರಹ ಬಿಟ್ಟುಹೋಗಿಲ್ಲ.

ಗೋರಿಯಲ್ಲಿ ಸಿಗುವ ವಸ್ತುಗಳ ಕತೆಯೂ ಹೀಗೆಯೇ. ಕಬ್ಬಿಣದ ಈಟಿ ಸಿಕ್ಕರೆ ಅದರಲ್ಲಿರುವವನು ಯೋಧ, ಮಡಕೆ ತುಂಬಾ ಇದ್ದರೆ ಮರಣಾನಂತರದ ಬದುಕಿಗೆ ಬುತ್ತಿ ಕಟ್ಟಿದ್ದಾರೆ ಎಂದು ಬರೆದುಬಿಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹೆಣದ ಬಾಯಿಗೆ ಎಲೆ ಅಡಿಕೆ ಇಡುತ್ತಾರೆ, ಹಣೆಗೆ ನಾಣ್ಯ ಅಂಟಿಸುತ್ತಾರೆ. ಸತ್ತ ಅಜ್ಜ ಬೀಡಿ ಸೇದುತ್ತಿದ್ದರೆ ಗುಂಡಿಗೆ ಒಂದು ಕಟ್ಟು ಬೀಡಿ ಹಾಕುವವರೂ ಇದ್ದಾರೆ. ಅವರನ್ನು ನಿಲ್ಲಿಸಿ, ಅಜ್ಜ ಮೇಲೆ ಹೋಗಿ ಬೀಡಿ ಸೇದುತ್ತಾನೆ ಎಂದು ನಂಬುತ್ತೀರಾ ಎಂದು ಕೇಳಿದರೆ ಹೌದು ಎನ್ನುವವರು ಎಷ್ಟು ಜನ? ಪ್ರೀತಿಯಿಂದ ಇಟ್ಟದ್ದು, ಬಿಡಲಾರದೆ ಇಟ್ಟದ್ದು, ಊರವರು ನೋಡಲಿ ಎಂದು ಇಟ್ಟದ್ದು, ಹಿರಿಯರು ಇಡುತ್ತಿದ್ದರು ಎಂದು ಇಟ್ಟದ್ದು ಎಲ್ಲವೂ ಮಣ್ಣಿನಲ್ಲಿ ಒಂದೇ ರೀತಿ ಕಾಣುತ್ತವೆ. ಹಾಗಾಗಿ ಒಂದು ಗೋರಿಯ ಈಟಿಯಿಂದ ಹೆಚ್ಚೇನೂ ಸಿಗುವುದಿಲ್ಲ. ನೂರು ಗೋರಿಗಳಲ್ಲಿ ಯಾರ ಜೊತೆ ಈಟಿ ಇದೆ, ಯಾರ ಜೊತೆ ಇಲ್ಲ, ಮಕ್ಕಳ ಜೊತೆ ಇದೆಯೇ, ಹೆಂಗಸರ ಜೊತೆ ಇದೆಯೇ ಎಂದು ನೋಡಿದಾಗ ಆ ಸಮಾಜ ತನ್ನವರನ್ನು ಹೇಗೆ ವಿಂಗಡಿಸಿಕೊಂಡಿತ್ತು ಎಂಬುದು ನಿಧಾನವಾಗಿ ತೆರೆದುಕೊಳ್ಳುತ್ತದೆ.

ಇನ್ನೊಂದು ಲೆಕ್ಕವನ್ನು ನೀವೇ ಹಾಕಿ ನೋಡಬಹುದು. ಆರು ಶತಮಾನಗಳ ಅವಧಿಗೆ 400 ರಚನೆಗಳು. ಕಾಲಾಂತರದಲ್ಲಿ ಎಷ್ಟೋ ಹಾಳಾಗಿರಬಹುದು, ಒಂದೊಂದರಲ್ಲೂ ಹಲವರಿರಬಹುದು, ಆದರೂ ಸುತ್ತಮುತ್ತ ಬದುಕಿ ಸತ್ತವರೆಲ್ಲರಿಗೂ ಅಲ್ಲಿ ಕಲ್ಲು ಸಿಕ್ಕಿರಲಾರದು. ಬಹಳ ಜನ ಗುರುತಿಲ್ಲದೆ ಮಣ್ಣಾದರು. ಗುಡ್ಡದಲ್ಲಿ ಕಾಣುವುದು ಆಯ್ದ ಕೆಲವರ ಲೋಕ. ಕಲ್ಲು ಸಿಗದವರ ನಂಬಿಕೆ ಏನಿತ್ತು ಎಂದು ಈ ಕಲ್ಲುಗಳನ್ನು ಕೇಳಿ ಪ್ರಯೋಜನವಿಲ್ಲ.

ಈ ಗುಡ್ಡಕ್ಕೂ ಹಿಂದಿನ ಒಂದು ಸಂಗತಿ ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುತ್ತದೆ. ಕಬ್ಬಿಣ ಬರುವ ಮೊದಲು, ನಯಮಾಡಿದ ಕಲ್ಲಿನ ಕೊಡಲಿಗಳ ಕಾಲದಲ್ಲಿ, ಇದೇ ಸೀಮೆಯ ಜನ ಸತ್ತವರನ್ನು ಮನೆಯೊಳಗೇ ಇಟ್ಟುಕೊಳ್ಳುತ್ತಿದ್ದರು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1963–64ರಲ್ಲಿ ನಡೆದ ಉತ್ಖನನದಲ್ಲಿ ಇಂಥ ಸಮಾಧಿಗಳು ಸಿಕ್ಕವು. ದೊಡ್ಡವರನ್ನು ಗುಳಿ ತೋಡಿ ಉದ್ದಕ್ಕೆ ಮಲಗಿಸಿದ್ದಾರೆ. ಕೂಸುಗಳನ್ನು ಮಡಕೆಯೊಳಗಿಟ್ಟು ಮನೆಯ ನೆಲದಡಿ ಹೂತಿದ್ದಾರೆ. ಬ್ರಹ್ಮಗಿರಿಯ ಹಳೆಯ ಪದರಗಳಲ್ಲೂ ಮಕ್ಕಳ ಮಡಕೆಗಳಿವೆ. ತಾಯಿ ಓಡಾಡುವ, ಒಲೆ ಉರಿಯುವ ನೆಲದ ಕೆಳಗೆ ಅವಳ ಕೂಸು ಮಲಗಿದೆ. ಮಡಕೆಯನ್ನು ಬಸಿರಿಗೆ ಹೋಲಿಸಿ, ಮಗು ಮತ್ತೆ ಹುಟ್ಟಿಬರಲಿ ಎಂಬ ನಂಬಿಕೆ ಇತ್ತು ಎಂದು ಹೇಳಲು ನಾಲಿಗೆಯ ತುದಿಗೆ ಮಾತು ಬರುತ್ತದೆ. ನಾನು ಆ ಮಾತನ್ನು ತಡೆದುಕೊಳ್ಳುತ್ತೇನೆ. ಖಚಿತವಾಗಿ ಹೇಳಬಹುದಾದದ್ದೇ ಸಾಕಷ್ಟು ದೊಡ್ಡದು: ಆ ಜನಕ್ಕೆ ಸಾವಿನಿಂದ ಮನೆ ಮೈಲಿಗೆಯಾಗುತ್ತಿರಲಿಲ್ಲ, ಅಥವಾ ಆದರೂ ಮಗುವನ್ನು ಹೊರಗಿಡುವಷ್ಟು ಆಗುತ್ತಿರಲಿಲ್ಲ. ಕೂಸಿಗೂ ದೊಡ್ಡವರಿಗೂ ಬೇರೆ ಬೇರೆ ಸಂಸ್ಕಾರವಿತ್ತು, ಮನುಷ್ಯ ಪೂರ್ತಿ ಮನುಷ್ಯನಾಗಲು ವಯಸ್ಸು ದಾಟಬೇಕಿತ್ತು.

ಕೆಲವು ಶತಮಾನಗಳಲ್ಲಿ ಇದು ಬದಲಾಯಿತು. ಸತ್ತವರು ನೆಲದಡಿಯಿಂದ ಎದ್ದು ಊರ ಹೊರಗಿನ ಗುಡ್ಡಕ್ಕೆ ಹೋದರು, ಎಲ್ಲರ ಕಣ್ಣಿಗೆ ಕಾಣುವ ಕಲ್ಲುಗಳಾದರು. ಹೊಸ ಜನ ಎಲ್ಲಿಂದಲೋ ಬಂದು ಹಳಬರನ್ನು ಓಡಿಸಿದರು ಎಂದು ಹಿಂದೆ ವಿವರಿಸುತ್ತಿದ್ದರು, ವ್ಹೀಲರ್ ಕೂಡ ಆ ದಾರಿಯಲ್ಲೇ ಯೋಚಿಸಿದ್ದ. ಈಗ ಹೆಚ್ಚಿನ ವಿದ್ವಾಂಸರು ಹಾಗೆ ಭಾವಿಸುವುದಿಲ್ಲ. ಅದೇ ಜನ, ಅದೇ ಊರುಗಳಲ್ಲಿ ಇದ್ದುಕೊಂಡೇ, ಸಂಪತ್ತು, ಜಮೀನು, ನೀರಿನ ಮೇಲಿನ ಹಕ್ಕು ಕೆಲವರ ಕೈಗೆ ಸೇರುತ್ತ ಹೋದಂತೆ, ತಮ್ಮ ಹಿರಿಯರನ್ನು ದೊಡ್ಡದಾಗಿ ತೋರಿಸಬೇಕಾದ ಅಗತ್ಯ ಕಂಡುಕೊಂಡಿರಬಹುದು. ಇದು ನಿಮ್ಮ ವಂಶದ ಪ್ರಶ್ನೆಗೆ ನೇರವಾಗಿ ತಾಗುತ್ತದೆ: ಸಂಸ್ಕಾರ ಬದಲಾದರೆ ಜನ ಬದಲಾದರು ಎಂದಲ್ಲ, ಸಂಸ್ಕಾರ ಒಂದೇ ರೀತಿ ಕಂಡರೆ ಜನ ಒಂದೇ ಎಂದೂ ಅಲ್ಲ.

ನಿಮ್ಮ ಅಜ್ಜಿಯ ಕತೆಗೆ ಬರುತ್ತೇನೆ. ಅದನ್ನು ಸುಳ್ಳೆಂದು ತಳ್ಳಬೇಡಿ. ಇಂಥ ಕಲ್ಮನೆಗಳನ್ನು ನಮ್ಮ ನಾಡಿನಲ್ಲಿ ಕೆಲವೆಡೆ ಮೋರ್ಯರ ಮನೆ ಎನ್ನುತ್ತಾರೆ, ಕೊಡಗಿನಲ್ಲಿ ಪಾಂಡವರ ಹೆಸರು ಹೇಳುತ್ತಾರೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿರುವುದರಿಂದ ಮೌರ್ಯ ಅರಸರೇ ಇವನ್ನು ಕಟ್ಟಿಸಿದರು ಎಂದು ಕೆಲವರು ವಾದಿಸುವುದುಂಟು. ಆದರೆ ಈ ಪದ್ಧತಿ ಅಶೋಕನಿಗಿಂತ ಶತಮಾನಗಳಷ್ಟು ಹಳೆಯದು. ಕಲ್ಮನೆ ಕಟ್ಟಿದವರ ನೆನಪು ಅಳಿದ ಮೇಲೆ ಬಂದ ತಲೆಮಾರುಗಳು ಪುಟ್ಟ ಕಂಡಿ ನೋಡಿದವು, ಗಿಡ್ಡ ಕೋಣೆ ನೋಡಿದವು, ಇದರಲ್ಲಿ ನುಸುಳುವವರು ಎಷ್ಟು ಎತ್ತರ ಇರಬೇಕು ಎಂದು ಅಳೆದವು. ಮೂರಡಿಯ ಕುಳ್ಳರು ಹುಟ್ಟಿದ್ದು ಹಾಗೆ. ಕಣ್ಣೆದುರಿನ ಕಲ್ಲಿಗೆ ಸರಿಯಾಗಿ ಹೊಂದುವ ವಿವರಣೆ ಅದು. ಜೊತೆಗೆ ಇವರು ನಮ್ಮವರಲ್ಲ, ನಮಗಿಂತ ಹಿಂದಿನವರು ಎಂಬ ತಿಳಿವಳಿಕೆಯೂ ಆ ಕತೆಯಲ್ಲಿದೆ. ಊರವರು ಆ ಕಲ್ಲುಗಳನ್ನು ಮುಟ್ಟದೆ ಬಿಡಲು ಇಂಥ ಕತೆಗಳೂ ಕಾರಣವಾಗಿರಬೇಕು.

ಈಗ ನಿಮ್ಮ ಮನೆಯ ಪದ್ಧತಿ. ನೀವು ಮಣ್ಣಿಗೆ ಹೋದಾಗಲೆಲ್ಲ ನೋಡಿರುತ್ತೀರಿ, ಆದರೂ ಒಮ್ಮೆ ಹೊರಗಿನವರ ಕಣ್ಣಿನಿಂದ ನೋಡಿ. ಹೆಣಕ್ಕೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ರುದ್ರಾಕ್ಷಿ ಹಾಕಿ, ಪದ್ಮಾಸನದಲ್ಲಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ರಾತ್ರಿಯಿಡೀ ಭಜನೆ. ಮರುದಿನ ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ಕುಳ್ಳಿರಿಸಿಯೇ ಒಯ್ಯುತ್ತಾರೆ, ಮಲಗಿಸುವುದಿಲ್ಲ. ಗುಂಡಿಯ ಒಂದು ಮಗ್ಗುಲಿಗೆ ಗೂಡು ಕೊರೆದು ಅದರೊಳಗೆ ಕೂರಿಸುತ್ತಾರೆ. ಬದುಕಿರುವಾಗ ಎದೆಯ ಮೇಲಿದ್ದ ಇಷ್ಟಲಿಂಗ ಎಡ ಅಂಗೈಗೆ ಬರುತ್ತದೆ, ದಿನವೂ ಪೂಜೆಗೆ ಹಿಡಿಯುತ್ತಿದ್ದ ಅದೇ ಅಂಗೈ. ಜಂಗಮರು ತಲೆಯ ಮೇಲೆ ಪಾದವಿಡುತ್ತಾರೆ. ಬಿಲ್ವಪತ್ರೆ, ಉಪ್ಪು, ವಿಭೂತಿ ತುಂಬಿ ಮಣ್ಣು ಎಳೆಯುತ್ತಾರೆ. ಕೆಲವೆಡೆ ಮಂತ್ರಾಕ್ಷರ ಕೊರೆದ ತಾಮ್ರದ ಚೂರುಗಳನ್ನೂ ಮೈಮೇಲಿಡುತ್ತಾರೆ.

ಇದರಲ್ಲಿ ಹೇಳಬೇಕಾದದ್ದೆಲ್ಲ ಇದೆ. ಲಿಂಗ ಧರಿಸಿದ ದೇಹ ಅಪವಿತ್ರವಲ್ಲ, ಆದ್ದರಿಂದ ಬೆಂಕಿಯಿಂದ ಶುದ್ಧಿ ಮಾಡಬೇಕಾಗಿಲ್ಲ. ಸತ್ತವರು ಎಲ್ಲಿಗೂ ಹೋಗಬೇಕಾಗಿಲ್ಲ, ಅವರು ಪೂಜೆಯಲ್ಲಿ ಕುಳಿತಿದ್ದಾರೆ. ಹನ್ನೆರಡನೆಯ ಶತಮಾನದ ಶರಣರು ಸೂತಕವನ್ನು ಅಲ್ಲಗಳೆದರು. ಜನನ, ಜಾತಿ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಐದೂ ಸೂತಕಗಳು ಲಿಂಗವಂತರಿಗಿಲ್ಲ ಎಂದರು. ಮಣ್ಣು ಮಾಡುವ ಪದ್ಧತಿ ಆ ನಿಲುವಿನ ಕಣ್ಣಿಗೆ ಕಾಣುವ ರೂಪ. ಅದು ಬೃಹತ್ ಶಿಲಾಯುಗದಿಂದ ಹರಿದು ಬಂದದ್ದು ಎನ್ನಲು ನಡುವೆ ಸಾವಿರ ವರ್ಷಕ್ಕೂ ಹೆಚ್ಚಿನ ಅಂತರವಿದೆ. ಅಲ್ಲಿ ಆಯ್ದ ಮೂಳೆಗಳು, ಇಲ್ಲಿ ಕುಳಿತ ಇಡೀ ದೇಹ. ಹೋಲುವುದು ಮಣ್ಣೊಂದೇ.

ಐನೂರು ವರ್ಷಗಳ ನಂತರ, ನಮ್ಮ ಬಗ್ಗೆ ಯಾವ ಬರಹವೂ ಉಳಿಯದ ಕಾಲದಲ್ಲಿ, ಒಬ್ಬ ಪುರಾತತ್ವಜ್ಞ ನಿಮ್ಮ ರುದ್ರಭೂಮಿಯನ್ನು ಅಗೆದ ಎಂದುಕೊಳ್ಳಿ. ಉಪ್ಪು ಕರಗಿಹೋಗಿರುತ್ತದೆ, ಬಿಲ್ವಪತ್ರೆ ಕೊಳೆತಿರುತ್ತದೆ. ಕುಳಿತ ಮೂಳೆಗಳ ಸುತ್ತ ಬಿಳಿಯ ಬೂದಿ, ಅಂಗೈ ಮೂಳೆಗಳ ನಡುವೆ ಕಪ್ಪು ಲೇಪದ ಪುಟ್ಟ ಲಿಂಗ. ಅವನು ಬೂದಿಯನ್ನು ನೋಡಿ ಇಲ್ಲಿ ಬೆಂಕಿಯ ಸಂಸ್ಕಾರ ನಡೆದಿದೆ ಎಂದು ಬರೆದರೆ? ಬೆಂಕಿಯನ್ನು ಬೇಡವೆಂದ ಜನರ ಬಗ್ಗೆ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿರಲಾರದು. ಹಿರೇಬೆಣಕಲ್ಲಿನ ಜನರ ನಂಬಿಕೆಯ ಬಗ್ಗೆ ಯಾರಾದರೂ ತೀರಾ ಖಚಿತವಾಗಿ ಮಾತನಾಡಿದಾಗ ನಾನು ಹಿಂಜರಿಯುವುದು ಇದೇ ಕಾರಣಕ್ಕೆ.

ಇನ್ನೂ ಒಂದು ಸಂಗತಿ ಗಮನಿಸಿ. ಬಸವಣ್ಣನವರು ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದರು. ಅವರ ಹಾದಿಯಲ್ಲಿ ನಡೆದವರೇ ಗುರುಗಳ ಗದ್ದುಗೆಗಳನ್ನು ಕಟ್ಟಿ, ಜಾತ್ರೆ ಮಾಡಿ, ತೇರೆಳೆದರು. ಕಲಬುರಗಿಯ ಶರಣಬಸವೇಶ್ವರರ ಗದ್ದುಗೆಗೆ ಎಲ್ಲ ಜಾತಿಯವರೂ ಹಣೆ ಹಚ್ಚುತ್ತಾರೆ. ಇದನ್ನು ನಾನು ತಪ್ಪೆಂದು ಎಣಿಸುವುದಿಲ್ಲ, ಪ್ರೀತಿಗೆ ಒಂದು ಜಾಗ ಬೇಕಾಗುತ್ತದೆ. ಆದರೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2014ರಲ್ಲೇ ಬರೆದಿಟ್ಟು ಹೋದದ್ದು ಬೇರೆ: ತಮ್ಮ ದೇಹವನ್ನು ಭೂಮಿಯಲ್ಲಿಡುವ ಬದಲು ಅಗ್ನಿಗೆ ಅರ್ಪಿಸಬೇಕು, ಬೂದಿಯನ್ನು ನದಿಯಲ್ಲೋ ಸಾಗರದಲ್ಲೋ ಬಿಡಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಸೇರಿದ್ದ ಜನಸಾಗರದ ಎದುರೇ ಆ ಮಾತಿನಂತೆ ನಡೆಯಿತು. ಪರಂಪರೆ ಹೂಳು ಎನ್ನುವಾಗ ಒಬ್ಬರು ಸುಡಿ ಎಂದರು. ಅಷ್ಟು ಜನರ ಬದುಕನ್ನು ಮುಟ್ಟಿದವರ ಗುರುತು ಮುಂದೆ ಯಾವ ಅಗೆತದಲ್ಲೂ ಸಿಗುವುದಿಲ್ಲ, ಮತ್ತು ಅದು ಅವರ ಇಚ್ಛೆಯೇ ಆಗಿತ್ತು. ಗೋರಿ ಇಲ್ಲದಿರುವುದು ಬಡತನದ ಗುರುತಾಗಿರಬಹುದು, ತಾತ್ಸಾರದ ಗುರುತಾಗಿರಬಹುದು, ತೀರಾ ಎತ್ತರದ ಒಂದು ನಂಬಿಕೆಯ ಗುರುತೂ ಆಗಿರಬಹುದು.

ಹೂಳುವವರು ಒಂದು ಕಡೆ, ಸುಡುವವರು ಇನ್ನೊಂದು ಕಡೆ ಎಂಬ ಗೆರೆ ಎಷ್ಟು ತೆಳು ಎಂಬುದಕ್ಕೆ ನಿಮ್ಮ ತಾಲ್ಲೂಕೇ ಸಾಕ್ಷಿ. ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿ ನವವೃಂದಾವನ ಇದೆ. 1539ರಲ್ಲಿ ತೀರಿಕೊಂಡ ವ್ಯಾಸತೀರ್ಥರೂ ಸೇರಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳು ಅಲ್ಲಿವೆ. ಸುಡುವುದೇ ಪದ್ಧತಿಯಾದ ಸಮುದಾಯದ ಗುರುಗಳನ್ನು ಹೂಳಿದ್ದೇಕೆ? ಸನ್ಯಾಸ ತೆಗೆದುಕೊಳ್ಳುವಾಗಲೇ ಅವರು ಹಿಂದಿನ ಬದುಕಿಗೆ ಎಳ್ಳುನೀರು ಬಿಟ್ಟಿರುತ್ತಾರೆ, ಗೃಹಸ್ಥನ ಅಗ್ನಿಯನ್ನು ತೊರೆದಿರುತ್ತಾರೆ. ಅಗ್ನಿಯನ್ನು ಬಿಟ್ಟವರನ್ನು ಅಗ್ನಿಗೆ ಕೊಡುವುದು ಹೇಗೆ? ಅದೇ ಮನೆಗಳಲ್ಲಿ ಹಸುಳೆ ಸತ್ತರೂ ಹೂಳುತ್ತಾರೆ, ಅದಕ್ಕಿನ್ನೂ ಸಂಸ್ಕಾರಗಳು ಆಗಿರುವುದಿಲ್ಲ. ಒಬ್ಬರು ಸಂಸ್ಕಾರಗಳನ್ನೆಲ್ಲ ದಾಟಿದವರು, ಇನ್ನೊಬ್ಬರು ಇನ್ನೂ ಒಳಗೆ ಬಾರದವರು, ಇಬ್ಬರಿಗೂ ಮಣ್ಣು. ನಿಮ್ಮ ಪಕ್ಕದ ಓಣಿಯವರನ್ನು ಕೇಳಿ ನೋಡಿ, ಅವರ ಮನೆತನದಲ್ಲೂ ಯಾರನ್ನೋ ಹೂತಿರುತ್ತಾರೆ.

ಶವವಿಲ್ಲದ ಕಲ್ಲುಗಳ ವಿಷಯ ಹೇಳುತ್ತೇನೆ ಎಂದಿದ್ದೆ. ಮಧ್ಯಕಾಲದ ಕನ್ನಡಿಗರು ಸತ್ತವರ ನೆನಪಿಗೆ ಕಲ್ಲು ನಿಲ್ಲಿಸುವುದರಲ್ಲಿ ಎತ್ತಿದ ಕೈ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಶಿವಲಿಂಗದ ಮುಂದೆ ಅಥವಾ ಜಿನನ ಮುಂದೆ ಕುಳಿತಿರುವುದು. ಮೂಲೆಗಳಲ್ಲಿ ಸೂರ್ಯ, ಚಂದ್ರ. ಹಿರೇಬೆಣಕಲ್ಲಿನಲ್ಲಿ ನಾವು ಊಹಿಸಬೇಕಾದದ್ದನ್ನು ಇಲ್ಲಿ ಕೆತ್ತಿಯೇ ಇಟ್ಟಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಿಂತಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಕಾಳಿ ಎಂಬ ನಾಯಿಗೆ ಹಾಕಿಸಿದ್ದು. ಸುಮಾರು ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ಒಡೆಯ ಏನು ಬೇಕು ಕೇಳು ಎಂದಾಗ, ಅವನು ಭೂಮಿಯನ್ನಲ್ಲ, ಆ ನಾಯಿಯನ್ನು ಕೇಳಿ ಪಡೆದ. ಕಾಡುಹಂದಿಯೊಂದಿಗೆ ಸೆಣಸಿ ಹಂದಿಯೂ ನಾಯಿಯೂ ಸತ್ತವು. ಅವನು ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ವೀರನಾಗಿ ನೆನೆಯಲ್ಪಡಲು ಮನುಷ್ಯನಾಗಿ ಹುಟ್ಟಿರಬೇಕು ಎಂದು ಆ ಕಾಲದವರು ಭಾವಿಸಿರಲಿಲ್ಲ ಎಂಬುದು ಆ ಒಂದು ಕಲ್ಲಿನಿಂದ ತಿಳಿಯುತ್ತದೆ.

ಶ್ರವಣಬೆಳಗೊಳದ ನಿಸಿದಿಗಲ್ಲುಗಳು ಇನ್ನೊಂದು ಬಗೆ. ಸಲ್ಲೇಖನ ವ್ರತ ಹಿಡಿದು, ಆಹಾರ ತೊರೆದು, ಸಾವನ್ನು ತಾವೇ ಎದುರುಗೊಂಡವರ ಗುರುತುಗಳು. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಈ ವ್ರತದಿಂದ ಪ್ರಾಣ ಬಿಟ್ಟದ್ದನ್ನು ಶಾಸನ ಹೇಳುತ್ತದೆ. ಮಾಚಿಕಬ್ಬೆಯ ಗಂಡ ಮಾರಸಿಂಗಯ್ಯ ಶಿವಭಕ್ತ. ಒಂದೇ ಮನೆಯಲ್ಲಿ ಎರಡು ಧರ್ಮ, ಸಾಯುವ ರೀತಿಯಲ್ಲಿ ಆ ತಾಯಿ ತನ್ನದು ಯಾವುದೆಂದು ತಾನೇ ಹೇಳಿದಳು. ಈ ಕಲ್ಲುಗಳಲ್ಲಿ ಮಾತ್ರ ನಾವು ಸತ್ತವರ ಸ್ವಂತ ನಂಬಿಕೆಗೆ ಹತ್ತಿರ ಹೋಗುತ್ತೇವೆ, ಏಕೆಂದರೆ ಇಲ್ಲಿ ಸಾವಿನ ರೀತಿಯನ್ನು ಆರಿಸಿಕೊಂಡವರು ಅವರೇ.

ಇಷ್ಟೆಲ್ಲ ಹೇಳಿದ ಮೇಲೆ ಇಂದಿನ ಒಂದು ಕಹಿ ಸತ್ಯವನ್ನು ಬಿಟ್ಟರೆ ಉತ್ತರ ಪೂರ್ತಿಯಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಜಾತಿಗೊಂದು ಸ್ಮಶಾನ. ಹೊಲ ಉಳ್ಳವರು ತಮ್ಮ ಹೊಲದಲ್ಲೇ ಹಿರಿಯರ ಸಮಾಧಿ ಕಟ್ಟಿಕೊಳ್ಳುತ್ತಾರೆ. ಭೂಮಿ ಇಲ್ಲದ ದಲಿತ ಕುಟುಂಬಗಳು ಹಳ್ಳದ ದಂಡೆಯಲ್ಲೋ ರಸ್ತೆಯ ಬದಿಯಲ್ಲೋ ಮಣ್ಣು ಮಾಡಬೇಕಾದ, ಹೆಣ ಹೊತ್ತು ಹೋಗಲು ದಾರಿ ಬಿಡಿ ಎಂದು ಕಚೇರಿಯ ಮುಂದೆ ಕೂರಬೇಕಾದ ಊರುಗಳು ಇನ್ನೂ ಇವೆ. ಅವರ ಗೋರಿಗಳ ಮೇಲೆ ಕಲ್ಲಿಲ್ಲದಿದ್ದರೆ ಅದು ಅವರ ನಂಬಿಕೆಯಿಂದಲ್ಲ, ಜಾಗ ಕೊಡದವರಿಂದ. ಎರಡು ಸಾವಿರ ವರ್ಷಗಳಿಗೂ ಹಿಂದೆ ಕಲ್ಲು ಸಿಗದೆ ಹೋದವರ ಬಗ್ಗೆ ಬರೆಯುವಾಗ ನನಗೆ ಇವರು ನೆನಪಾಗುತ್ತಾರೆ. ಸತ್ತವರಿಗೆ ಸಮಾನ ಜಾಗ ಕೊಡದ ಊರು ಬದುಕಿದ್ದವರನ್ನು ಹೇಗೆ ನಡೆಸಿಕೊಂಡಿರಬಹುದು ಎಂದು ತಿಳಿಯಲು ಯಾವ ಉತ್ಖನನವೂ ಬೇಕಾಗಿಲ್ಲ.

ಕೊನೆಗೆ ನಿಧಿಯ ಮಾತು. ಆಧಾರ ಇಲ್ಲ. ಈ ಗೋರಿಗಳಲ್ಲಿ ಸಿಗುವುದು ಮಡಕೆ ಚೂರು, ತುಕ್ಕು ಹಿಡಿದ ಕಬ್ಬಿಣ, ಕಲ್ಲಿನ ಮಣಿ, ಮೂಳೆ. ಚಿನ್ನ ಸಿಕ್ಕರೂ ಅದು ಒಂದೆರಡು ಪುಟ್ಟ ಮಣಿಯಷ್ಟು, ಅದೂ ಬಹಳ ಅಪರೂಪ. ಆದರೆ ಹಾರೆ ಹಾಕಿದವನು ಯಾವ ಮಡಕೆ ಯಾವ ಮೂಳೆಯ ಪಕ್ಕದಲ್ಲಿತ್ತು ಎಂಬ ಸಂಬಂಧವನ್ನು ಕೆಡಿಸುತ್ತಾನೆ. ಅದೊಮ್ಮೆ ಕೆಟ್ಟರೆ ಮೇಲೆ ನಾನು ಹೇಳಿದ ಯಾವ ಪ್ರಶ್ನೆಯನ್ನೂ ಆ ಗೋರಿಗೆ ಕೇಳಲು ಬರುವುದಿಲ್ಲ. ಇಂಥ ನೆಲೆಗಳಲ್ಲಿ ಅನುಮತಿ ಇಲ್ಲದೆ ಅಗೆಯುವುದು ಕಾನೂನಿಗೂ ವಿರುದ್ಧ. ಅಗೆತ ಕಂಡರೆ ಪೊಲೀಸರಿಗೆ, ತಹಶೀಲ್ದಾರರಿಗೆ ತಿಳಿಸಿ, ಫೋಟೋ ಇಟ್ಟುಕೊಳ್ಳಿ. ಹೊಲ ಉಳುವಾಗ ಮಡಕೆಯೋ ಮೂಳೆಯೋ ತಾನಾಗಿ ಮೇಲೆ ಬಂದರೆ ಅದನ್ನು ಎತ್ತಬೇಡಿ. ಇದ್ದಲ್ಲೇ ಮಣ್ಣು ಮುಚ್ಚಿ, ಜಾಗ ಗುರುತಿಟ್ಟು, ಪುರಾತತ್ವ ಇಲಾಖೆಗೆ ಬರೆಯಿರಿ. ನಿಮ್ಮ ಅಜ್ಜಿ ಹೇಳಿದ ಮೋರ್ಯರ ಕತೆಯನ್ನೂ ಪೂರ್ತಿ ಬರೆದಿಡಿ, ಯಾರಿಂದ ಕೇಳಿದ್ದು, ಯಾವ ಊರಿನಲ್ಲಿ ಕೇಳಿದ್ದು ಎಂಬುದರ ಸಮೇತ. ಅಕ್ಕಪಕ್ಕದ ಹಳ್ಳಿಗಳಲ್ಲಿ ಅದೇ ಕತೆಯನ್ನು ಬೇರೆ ರೀತಿ ಹೇಳುವವರಿದ್ದರೆ ಅವರ ಮಾತನ್ನೂ ಮೊಬೈಲಿನಲ್ಲಿ ದಾಖಲಿಸಿ.